ಕರಿದುಳಿದ ಎಣ್ಣೆಯೂ ಲಾರಿಯ ಡೀಸೆಲ್ ಯಂತ್ರವೂ

ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಸುತ್ತುಮುತ್ತಣ ಗ್ರಾಮಗಳಲ್ಲಿ ಮುಸುಕಿನ ಜೋಳವು ಮುಖ್ಯವಾದ ಬೆಳೆಯಾಗಿರುವುದು. 1974ರಲ್ಲಿ ಸ್ಥಾಪಿತವಾದ ಧೋಂಡೆನ್‌ಲಿಂಗ್ ಟಿಬೆಟನ್ ವಸತಿಯ ಜಮೀನುಗಳಲ್ಲಿಯೂ ಇದೇ ಪ್ರಧಾನ. ಉಳುಮೆಗೂ, ತೆನೆ ಬಿಡಿಸುವುದಕ್ಕೂ, ಕಾಳನ್ನು ಹನೂರು ಕೊಳ್ಳೇಗಾಲಗಳ ಕಡೆಗೆ ಸಾಗಿಸುವುದಕ್ಕೂ ಈಗ ಡೀಸೆಲ್ ಯಂತ್ರವೇ ಗತಿ. ಎತ್ತಿನ ಗಾಡಿಯ ಕಾಲದಲ್ಲಿ ಮೇವು ಹೊಲದಲ್ಲಿಯೇ ದೊರೆಯುತ್ತಿತ್ತು. ಲಾರಿ ಟ್ರಾಕ್ಟರುಗಳ ಮೇವನ್ನಾದರೋ ದಿನವೂ ರೊಕ್ಕ ಕೊಟ್ಟೇ ತರಬೇಕು. ಆದಕಾರಣ ಡೀಸೆಲಿಗೆ ಬದಲಾಗಿ ಅಗ್ಗವಾದ ಬೇರೊಂದು ಎಣ್ಣೆ ಒದಗುವುದೆಂದರೆ ಲಾರಿಯುಳ್ಳ ರೈತನ ಕಿವಿ ನೆಟ್ಟಗಾಗುವುದು ಸಹಜವೇ.

ಹೋಟೆಲುಗಳಲ್ಲಿಯೂ ಬಜ್ಜಿ ಬೋಂಡದ ಅಂಗಡಿಗಳಲ್ಲಿಯೂ ಮದುವೆಯ ಛತ್ರಗಳಲ್ಲಿಯೂ ಕರಿದು ಕರಿದು ಕಪ್ಪಾದ ಎಣ್ಣೆ ಉಳಿಯುತ್ತದೆ. ಇದನ್ನು ಪಂಚೆಯ ಬಟ್ಟೆಯಲ್ಲಿ ಸೋಸಿ, ಡೀಸೆಲಿನೊಡನೆ ಬೆರೆಸಿಯೋ ಹಾಗೆಯೇಯೋ ಟ್ಯಾಂಕಿಗೆ ಸುರಿದರೆ ಲಾರಿ ಓಡುತ್ತದೆಂಬ ಮಾತು ಚಾಲಕರ ನಡುವೆ ಹರಡಿದೆ. ಮಾತು ಸುಳ್ಳಲ್ಲ. ಲಾರಿ ನಿಜವಾಗಿಯೂ ಓಡುತ್ತದೆ, ಅಪಾಯವಿರುವುದೂ ಅಲ್ಲಿಯೇ. ಸುರಿದ ಗಳಿಗೆಯಲ್ಲಿಯೇ ಯಂತ್ರವು ನಿಂತುಹೋಗಿದ್ದರೆ ಯಾರೂ ಎರಡನೆಯ ಸಲ ಸುರಿಯುತ್ತಿರಲಿಲ್ಲ. ಹತ್ತು ದಿನ ಚೆನ್ನಾಗಿ ಓಡಿದ್ದನ್ನು ಕಂಡು ನಂಬಿದವನ ಯಂತ್ರವು, ಸಾಲದ ಕಂತು ಇನ್ನೂ ಮುಗಿಯದಿರುವಾಗ, ಕೊಯ್ಲಿನ ನಡುವೆ ಗ್ಯಾರೇಜು ಸೇರುವುದು. ಇದು ಹೇಗಾಗುವುದೆಂಬುದನ್ನು ವಿವರವಾಗಿ ತಿಳಿಯತಕ್ಕದ್ದು.

ಈ ಯೋಚನೆಯು ಹೊಸದಲ್ಲ

1900ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಆಟೋ ಎಂಬ ಕಂಪೆನಿಯವರು ಒಂದು ಚಿಕ್ಕ ಡೀಸೆಲ್ ಯಂತ್ರವನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದರು. ಆಫ್ರಿಕದ ತನ್ನ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿ ಬೆಳೆಯುತ್ತಿದ್ದುದರಿಂದ ಫ್ರೆಂಚ್ ಸರ್ಕಾರಕ್ಕೆ ಇದರಲ್ಲಿ ಆಸಕ್ತಿಯಿತ್ತು. ಯಂತ್ರದ ನಿರ್ಮಾತೃವಾದ ರುಡಾಲ್ಫ್ ಡೀಸೆಲನೂ ಸಸ್ಯಜನ್ಯ ಎಣ್ಣೆಗಳಿಗೆ ಮುಂದೆ ಒಳ್ಳೆಯ ಕಾಲ ಬರಬಹುದೆಂದು ನಂಬಿದ್ದನು. ಆದರೆ ಆ ಕಾಲದ ಯಂತ್ರಗಳು ಭಾರವಾದುವು, ನಿಧಾನವಾಗಿ ತಿರುಗುವಂಥವು. ಮುಂದೆ ಕಲ್ಲೆಣ್ಣೆಯ ಡೀಸೆಲು ಅಗ್ಗವಾಗಿ ದೊರೆಯಲು, ಯಂತ್ರಗಳೆಲ್ಲವೂ ಆ ತೆಳುವಾದ ಎಣ್ಣೆಗೆ ಹೊಂದಿಕೊಂಡು ವೇಗವಾಗಿಯೂ ನಾಜೂಕಾಗಿಯೂ ಬೆಳೆದುವು.

ಅಭಾವದ ಕಾಲದಲ್ಲೆಲ್ಲ ಜನರು ಬದಲಿ ಇಂಧನವನ್ನು ಹುಡುಕಿದ್ದುಂಟು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಕ್ಕದೆ ನಮ್ಮ ನಾಡಿನ ಬಸ್ಸುಗಳು ಇದ್ದಲಿನ ಗ್ಯಾಸಿನಿಂದ ಓಡಿದುವು. ಅದಕ್ಕೂ ಮುಂಚೆ, 1937ರಲ್ಲಿ, ಬೆಲ್ಜಿಯಂ ದೇಶದ ಬ್ರಸೆಲ್ಸ್ ವಿಶ್ವವಿದ್ಯಾನಿಲಯದ ಶವಾನ್ ಎಂಬ ವಿದ್ವಾಂಸನು ತಾಳೆ ಎಣ್ಣೆಯನ್ನು ಮದ್ಯಸಾರದೊಡನೆ ಸಂಯೋಗಗೊಳಿಸಿ ತೆಳುವಾದ ಇಂಧನವನ್ನಾಗಿ ಮಾರ್ಪಡಿಸುವ ಕ್ರಮಕ್ಕೆ ಪೇಟೆಂಟು ಪಡೆದನು. ಮರುವರ್ಷ ಬ್ರಸೆಲ್ಸ್ ಮತ್ತು ಲೂವೆನ್ ನಗರಗಳ ನಡುವೆ ಒಂದು ಬಸ್ಸು ಇದರಿಂದ ಓಡಿತು. ಎಣ್ಣೆಯನ್ನು ಇದ್ದಂತೆಯೇ ಸುರಿಯದೆ ಮೊದಲು ಮಾರ್ಪಡಿಸಬೇಕೆಂಬುದು ಅಂದೇ ಬಲ್ಲವರಿಗೆ ತಿಳಿದಿತ್ತು.

ಎಣ್ಣೆಯ ಮಂದತೆ

ಡೀಸೆಲ್ ಯಂತ್ರದಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾದ ಗಾಳಿಯೊಳಕ್ಕೆ ನಾಜಲಿನ ಸೂಕ್ಷ್ಮ ರಂಧ್ರಗಳ ಮೂಲಕ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಲಾಗುವುದು. ಹನಿಗಳು ಎಷ್ಟು ಸಣ್ಣವಾಗಿರುವುವೋ ಅಷ್ಟು ಬೇಗನೆಯೂ ಪೂರ್ತಿಯಾಗಿಯೂ ಉರಿಯುವುವು. ಎಲ್ಲವೂ ಎಣ್ಣೆಯ ತೆಳುತನವನ್ನೇ ಅವಲಂಬಿಸಿದೆ.

ದ್ರವಗಳ ಈ ಮಂದತೆಗೆ ಶಾಸ್ತ್ರದಲ್ಲಿ ಸ್ನಿಗ್ಧತೆ ಎಂದು ಹೆಸರು. ಅದನ್ನು ಸೆಂಟಿಸ್ಟೋಕ್ಸ್ ಎಂಬ ಮಾನದಿಂದ ಅಳೆಯುವರು. 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಡೀಸೆಲಿನ ಸ್ನಿಗ್ಧತೆ 2ರಿಂದ 4.5ರೊಳಗೆ ಇರಬೇಕೆಂದು ನಮ್ಮ ದೇಶದ ಪ್ರಮಾಣವಿದೆ. ಅದೇ ಶಾಖದಲ್ಲಿ ಅಡಿಗೆಯ ಎಣ್ಣೆಗಳದು ಸುಮಾರು 30ರಿಂದ 40. ಹಲವು ಸಲ ಕರಿದ ಎಣ್ಣೆಯದು ಇನ್ನೂ ಹೆಚ್ಚು. ಅಂದರೆ ಡೀಸೆಲಿಗಿಂತ ಹತ್ತು ಪಾಲಿನಷ್ಟು ಮಂದ. ತಿಳಿ ಸಾರಿಗೆಂದು ಮಾಡಿದ ಜರಡಿಯಲ್ಲಿ ಬೆಲ್ಲದ ಪಾಕವನ್ನು ಸೋಸಹೋದಂತೆ ಇದು. ಪಂಪು ಹೆಚ್ಚು ಬಲದಿಂದ ತಳ್ಳಬೇಕಾಗುತ್ತದೆ, ಫಿಲ್ಟರು ಕಟ್ಟಿಕೊಳ್ಳುತ್ತದೆ. ನಾಜಲಿನಿಂದ ಮಂಜಿನ ಬದಲು ದಪ್ಪ ಹನಿಗಳು ಧಾರೆಯಂತೆ ಹೊರಟು, ಉರಿಯುವುದಕ್ಕೆ ಮೊದಲೇ ಪಿಸ್ಟನ್ನಿನ ತಲೆಗೂ ಸಿಲಿಂಡರಿನ ಗೋಡೆಗೂ ಬಡಿಯುವುವು. ಹೊತ್ತಿಕೊಳ್ಳುವ ಗುಣವೂ ಈ ಎಣ್ಣೆಗಳಿಗೆ ಕಡಿಮೆ. ಸಿಟೇನ್ ಅಂಕವೆಂಬ ಅಳತೆಯಲ್ಲಿ ಡೀಸೆಲಿಗೆ 51ಕ್ಕೆ ಕಡಿಮೆಯಿರಕೂಡದೆಂದು ನಿಯಮವಿದ್ದರೆ, ಬಹುಪಾಲು ಸಸ್ಯಜನ್ಯ ಎಣ್ಣೆಗಳು 35ರಿಂದ 40ರ ಆಸುಪಾಸಿನಲ್ಲಿರುವುವು.

ಹೀಗೆ ಅರ್ಧ ಉರಿದ ಎಣ್ಣೆಯು ನಾಜಲಿನ ತುದಿಯಲ್ಲಿ ಗಟ್ಟಿ ಮಸಿಯಾಗಿ ಕೂಡುವುದು. ಮಸಿಯು ರಂಧ್ರವನ್ನು ಓರೆಯಾಗಿ ಮುಚ್ಚಿದಷ್ಟೂ ಧಾರೆ ಇನ್ನಷ್ಟು ಕೆಡುತ್ತದೆ, ಧಾರೆ ಕೆಟ್ಟಷ್ಟೂ ಮಸಿ ಹೆಚ್ಚುತ್ತದೆ. ಪಿಸ್ಟನ್ನಿನ ರಿಂಗುಗಳು ಕೂರುವ ಗಾಡಿಗಳಲ್ಲಿಯೂ ಅಂಟುಮಸಿ ಸೇರಿಕೊಂಡು ರಿಂಗುಗಳು ಅಲುಗಾಡದಂತೆ ಹಿಡಿದುಬಿಡುವುವು. ಹೊರಗಿನಿಂದ ಕಾಣುವುದು ಹೊಗೆ ಹೆಚ್ಚಿದುದು, ಮುಂಜಾನೆ ಯಂತ್ರವು ಬೇಗ ಹಿಡಿಯದಿರುವುದು, ಏರಿನಲ್ಲಿ ಎಳೆತ ತಗ್ಗಿದುದು, ಇಷ್ಟೇ. ಕಾದ ಬಾಣಲೆಯ ಕಮಟು ವಾಸನೆಯು ಹೊಗೆಯಲ್ಲಿ ಬಂದರೆ ಎಣ್ಣೆ ಪೂರ್ತಿಯಾಗಿ ಉರಿಯುತ್ತಿಲ್ಲವೆಂದು ತಿಳಿಯಬೇಕು. ಕಣ್ಣು ಮೂಗುಗಳನ್ನು ಉರಿಸುವ ಆ ವಾಸನೆಯನ್ನು ಜಂಭದಿಂದ ಹೇಳಿಕೊಳ್ಳುವ ಚಾಲಕರೂ ಇದ್ದಾರೆ!

ಕಣ್ಣಿಗೆ ಕಾಣದ ದೊಡ್ಡ ಹಾನಿ

ನಾಜಲು ಕೆಟ್ಟರೆ ಬಿಚ್ಚಿ ಸರಿಮಾಡಿಸಬಹುದು. ಯಂತ್ರದ ಪ್ರಾಣಕ್ಕೆ ಬರುವ ಕುತ್ತು ಇರುವುದು ಕೆಳಗಿನ ಚೇಂಬರಿನಲ್ಲಿ, ಇಂಜಿನ್ ಆಯಿಲಿನೊಳಗೆ. ಇದನ್ನು ಬಹು ಜನರು ಅರಿತಿಲ್ಲವಾದುದರಿಂದ ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯಕ.

ಯಾವ ಡೀಸೆಲ್ ಯಂತ್ರದಲ್ಲಿಯೂ ಉರಿಯದ ಇಂಧನದ ಅಲ್ಪಾಂಶವು ರಿಂಗುಗಳನ್ನು ದಾಟಿ ಚೇಂಬರಿಗೆ ಇಳಿಯುತ್ತದೆ. ಅದು ಡೀಸೆಲಾದರೆ, ಯಂತ್ರ ಕಾದಾಗ ಅದರ ಹಗುರವಾದ ಭಾಗವು ಆವಿಯಾಗಿ ಹೊರಟುಹೋಗುವುದು. ಅಡಿಗೆಯ ಎಣ್ಣೆಯು ಹೀಗೆ ಆವಿಯಾಗುವುದಿಲ್ಲ. ಇಳಿದದ್ದು ಇಳಿದಂತೆಯೇ ಉಳಿದು ದಿನದಿನಕ್ಕೆ ಸೇರುತ್ತ ಹೋಗುವುದು. ಮೊದಮೊದಲು ಆಯಿಲಿನ ಗೇಜು ಕಡ್ಡಿಯಲ್ಲಿ ಮಟ್ಟವು ಏರಿದಂತೆ ತೋರುವುದು. ಆಯಿಲು ಖರ್ಚಾಗುತ್ತಿಲ್ಲವೆಂದು ಸಂತೋಷಪಡುವ ಚಾಲಕನು, ಅದರೊಳಕ್ಕೆ ಬೇರೊಂದು ಎಣ್ಣೆ ಸೇರುತ್ತಿದೆಯೆಂಬುದನ್ನು ನೆನೆಯುವುದಿಲ್ಲ.

ಅಗಸೆ ಎಣ್ಣೆಯನ್ನು ಮರದ ಬಾಗಿಲಿಗೆ ಬಳಿದರೆ ಕೆಲವು ದಿನಗಳಲ್ಲಿ ಅದು ಒಣಗಿ ಗಟ್ಟಿ ಪೊರೆಯಾಗುವುದನ್ನು ಎಲ್ಲರೂ ಬಲ್ಲರು. ನೀರು ಆರಿದಂತೆ ಎಣ್ಣೆ ಆರುವುದೆಂದು ಜನರು ಭಾವಿಸುವುದುಂಟು, ಆದರೆ ಅಲ್ಲಿ ನಡೆಯುವುದು ಬೇರೆ. ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಅಂಟಾಗುವುವು. ಚೇಂಬರಿನಲ್ಲಿ 90 ಡಿಗ್ರಿಗೆ ಮೇಲ್ಪಟ್ಟ ಶಾಖವಿದೆ, ಕಡೆಯುತ್ತಿರುವ ಗಾಳಿಯಿದೆ, ಈ ಕ್ರಿಯೆಯನ್ನು ತ್ವರೆಗೊಳಿಸುವ ತಾಮ್ರ ಕಬ್ಬಿಣಗಳ ಕಣಗಳಿವೆ. ಅಲ್ಲಿ ಸೇರಿದ ಅಡಿಗೆಯ ಎಣ್ಣೆಯು ಕೆಲಕಾಲ ಸುಮ್ಮನಿದ್ದು, ಅನಂತರ ಶೀಘ್ರವಾಗಿ ಗಟ್ಟಿಯಾಗತೊಡಗುವುದು. ಕಡೆಗೆ ಇಂಜಿನ್ ಆಯಿಲು ಹಲ್ವದಂತೆ ಹೆಪ್ಪುಗಟ್ಟುವುದೂ ಉಂಟು. ಆಗ ಆಯಿಲ್ ಪಂಪಿನ ಜಾಲರಿಯು ಮುಚ್ಚಿಹೋಗಿ, ಕ್ರ್ಯಾಂಕಿನ ಬೇರಿಂಗುಗಳಿಗೆ ಆಯಿಲು ತಲುಪದೆ, ಕೆಲವೇ ನಿಮಿಷಗಳಲ್ಲಿ ಲೋಹಕ್ಕೆ ಲೋಹ ತೀಡಿ ಯಂತ್ರವು ಹಿಡಿದುಬಿಡುತ್ತದೆ. ಆ ಕ್ಷಣದವರೆಗೂ ಲಾರಿ ಓಡುತ್ತಲೇ ಇರುವುದರಿಂದ ಕಾರಣವನ್ನು ಎಣ್ಣೆಯ ತಲೆಗೆ ಕಟ್ಟಲು ಯಾರಿಗೂ ತೋರುವುದಿಲ್ಲ. ಬೇರಿಂಗು ಮಾರಿದವನಿಗೆ ಬೈಗಳು ಬೀಳುವುದು!

ಯಾವ ಎಣ್ಣೆ ಎಷ್ಟು ಬೇಗ ಅಂಟಾಗುವುದೆಂಬುದನ್ನು ಅಯೋಡಿನ್ ಅಂಕದಿಂದ ಅಂದಾಜು ಮಾಡುವರು. ಅಗಸೆ ಎಣ್ಣೆಗೆ ಈ ಅಂಕವು 170ಕ್ಕೂ ಮೇಲೆ. ಸೂರ್ಯಕಾಂತಿ, ಸೋಯಾ ಎಣ್ಣೆಗಳಿಗೆ 120ರಿಂದ 140. ಕಡಲೆಕಾಯಿ ಎಣ್ಣೆಗೆ 85ರಿಂದ 100, ಅಡಿಗೆಗೆ ಬಳಸುವ ತಾಳೆ ಎಣ್ಣೆಗೆ 60ರ ಆಸುಪಾಸು, ಕೊಬ್ಬರಿ ಎಣ್ಣೆಗೆ ಕೇವಲ 10ರೊಳಗೆ. ಹಾಗಾದರೆ ತಾಳೆ ಎಣ್ಣೆಯೇ ವಾಸಿಯೆಂದು ಅವಸರದಿಂದ ತೀರ್ಮಾನಿಸಬಾರದು. ಅಂಕವು ಕಡಿಮೆಯಾದ ಎಣ್ಣೆಗಳು ಚಳಿಗೆ ಹೆಪ್ಪುಗಟ್ಟುವುವು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಸಮೀಪದಲ್ಲಿಯೇ ಗಟ್ಟಿಯಾಗುವುದನ್ನು ಪ್ರತಿ ಮನೆಯಲ್ಲಿಯೂ ನೋಡಬಹುದು. ತಾಳೆ ಎಣ್ಣೆಯು ಚಳಿಯಲ್ಲಿ ರವೆಗಟ್ಟುವುದು, ವನಸ್ಪತಿಯ ಮಾತಂತೂ ಹೇಳಬೇಕಾಗಿಲ್ಲ. ಒಡೆಯರಪಾಳ್ಯದ ಸುತ್ತಣ ಬೆಟ್ಟದ ಸೀಮೆಯಲ್ಲಿ ಮಾರ್ಗಶಿರ ಪುಷ್ಯ ಮಾಸಗಳ ಬೆಳಗಿನ ಜಾವದಲ್ಲಿ ಇಂಥ ಎಣ್ಣೆಯು ಟ್ಯಾಂಕಿನ ಕೊಳವೆಯಲ್ಲಿಯೇ ನಿಂತುಕೊಂಡರೆ ಆಶ್ಚರ್ಯವಿಲ್ಲ. ತೆಳುವಾಗಿ ಉಳಿಯುವ ಎಣ್ಣೆ ಅಂಟಾಗುತ್ತದೆ, ಅಂಟಾಗದ ಎಣ್ಣೆ ಹೆಪ್ಪುಗಟ್ಟುತ್ತದೆ. ಹೋಟೆಲಿನಿಂದ ತಂದ ಡಬ್ಬದಲ್ಲಿ ಯಾವುದು ಎಷ್ಟಿದೆಯೆಂದು ಕೊಟ್ಟವನೂ ಅರಿಯನು.

ಕರಿದ ಎಣ್ಣೆಯ ವಿಶೇಷ ದೋಷಗಳು

ಹೊಸ ಎಣ್ಣೆಗೇ ಇಷ್ಟು ದೋಷಗಳಿರಲು, ಕರಿದ ಎಣ್ಣೆಗೆ ಇನ್ನೂ ಕೆಲವು ಸೇರುವುವು. ಬಾಣಲೆಯ 170ರಿಂದ 190 ಡಿಗ್ರಿ ಶಾಖದಲ್ಲಿ ಹಿಟ್ಟಿನ ನೀರು ಎಣ್ಣೆಯನ್ನು ಒಡೆದು ಅದರಿಂದ ಬಿಡಿ ಮೇದಾಮ್ಲಗಳನ್ನು ಹೊರಡಿಸುವುದು. ಈ ಆಮ್ಲಗಳು ತಾಮ್ರ, ಹಿತ್ತಾಳೆ, ಸತುವುಗಳನ್ನು ಮೆಲ್ಲಮೆಲ್ಲನೆ ತಿನ್ನುವುವು. ಹಳೆಯ ಲಾರಿಗಳ ಇಂಧನ ಕೊಳವೆಗಳಲ್ಲಿ ಈ ಲೋಹಗಳು ಉಂಟಷ್ಟೆ. ಗಾಳಿಯ ಸಂಪರ್ಕದಿಂದ ಅಂಟಾಗುವ ಕ್ರಿಯೆಯು ಬಾಣಲೆಯಲ್ಲಿಯೇ ಆರಂಭವಾಗಿ ಅರ್ಧ ದಾರಿಗೆ ಬಂದಿರುವುದು. ಉಪ್ಪು, ಹಿಟ್ಟಿನ ಚೂರು, ಮಸಾಲೆಯ ಪುಡಿ ಇವು ಬೇರೆ. ಬಟ್ಟೆಯಲ್ಲಿ ಸೋಸಿದರೆ ಕಣ್ಣಿಗೆ ಕಾಣುವ ಚೂರುಗಳು ಹೋಗುವುವೇ ಹೊರತು, ನಾಜಲು ಪಂಪುಗಳನ್ನು ಸವೆಸುವ ಅತಿ ಸೂಕ್ಷ್ಮ ಕಣಗಳು ಹೋಗವು. ಅವುಗಳನ್ನು ತಡೆಯಲು ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ಸಣ್ಣ ರಂಧ್ರದ ಫಿಲ್ಟರು ಬೇಕು.

ಎಲ್ಲಕ್ಕಿಂತ ಕೆಟ್ಟದ್ದು ನೀರು. ಎಣ್ಣೆಯು ತಿಳಿಯಾಗಿ ಕಂಡರೂ ಅದರಲ್ಲಿ ನೀರು ಅಡಗಿರಬಹುದು. ಕಾದ ತವೆಯ ಮೇಲೆ ಎರಡು ಹನಿ ಹಾಕಿದಾಗ ಚಟಪಟನೆ ಸಿಡಿದರೆ ನೀರಿದೆಯೆಂದು ಅರ್ಥ. ಪರೀಕ್ಷಿಸುವವರು ಮುಖವನ್ನು ದೂರವಿಟ್ಟುಕೊಳ್ಳಲಿ. ಪಂಪಿನೊಳಗಣ ಕನ್ನಡಿಯಂತೆ ನಯವಾದ ಉಕ್ಕಿನ ಭಾಗಗಳು ನೀರಿನಿಂದ ತುಕ್ಕು ಹಿಡಿದರೆ ಉಜ್ಜಿ ಸರಿಮಾಡುವಂತಿಲ್ಲ, ಬದಲಾಯಿಸಬೇಕು.

ಮತ್ತೊಂದು ವಿಷಯವನ್ನು ಇಲ್ಲಿಯೇ ಹೇಳುವುದು ಮೇಲು. ಎಣ್ಣೆ ಸೋಸಿದ ಬಟ್ಟೆ, ಹತ್ತಿ, ಗೋಣಿಗಳನ್ನು ಮುದ್ದೆಮಾಡಿ ಜೋಳದ ದಂಟಿನ ಬಣವೆಯ ಹತ್ತಿರವಾಗಲಿ, ಕಾಳಿನ ಚೀಲಗಳ ಬದಿಯಲ್ಲಾಗಲಿ ಎಸೆಯಕೂಡದು. ಎಣ್ಣೆಯು ಆಮ್ಲಜನಕವನ್ನು ಹೀರುವಾಗ ಶಾಖ ಹುಟ್ಟುವುದು. ಮುದ್ದೆಯ ಒಳಗಿನಿಂದ ಆ ಶಾಖವು ಹೊರಹೋಗದೆ ಹೆಚ್ಚಿ ಹೆಚ್ಚಿ, ಯಾರೂ ಬೆಂಕಿ ತಾಗಿಸದಿದ್ದರೂ ತಾನಾಗಿಯೇ ಹೊತ್ತಿಕೊಳ್ಳಬಹುದು. ಇಂಥ ಬಟ್ಟೆಗಳನ್ನು ನೀರಿನಲ್ಲಿ ನೆನೆಸಿ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಇಡತಕ್ಕದ್ದು.

ಯಂತ್ರದಿಂದ ಯಂತ್ರಕ್ಕೆ ಭೇದ

ಎಲ್ಲ ಯಂತ್ರಗಳೂ ಒಂದೇ ರೀತಿಯಾಗಿ ಕೆಡುವುದಿಲ್ಲ. ನಿಧಾನವಾಗಿ ತಿರುಗುವ ಹಳೆಯ ಒಂಟಿ ಸಿಲಿಂಡರಿನ ನೀರೆತ್ತುವ ಇಂಜಿನು ಒಂದೇ ಹೊರೆಯಲ್ಲಿ ಗಂಟೆಗಟ್ಟಲೆ ಓಡುವುದರಿಂದ ಯಾವಾಗಲೂ ಬಿಸಿಯಾಗಿರುವುದು. ಇಂಥದ್ದು ಹೆಚ್ಚು ಸಹಿಸೀತು. ಲಾರಿಯ ಪಾಡು ಬೇರೆ. ಏರಿನಲ್ಲಿ ಪೂರ್ಣ ಹೊರೆ, ಇಳಿಜಾರಿನಲ್ಲಿ ಹೊರೆಯೇ ಇಲ್ಲ; ಮಂಡಿಯ ಮುಂದೆ ಸಾಲಿನಲ್ಲಿ ನಿಂತು ಸುಮ್ಮನೆ ತಿರುಗುವುದು ಬೇರೆ. ಯಂತ್ರವು ತಣ್ಣಗಿರುವ ಇಂಥ ಹೊತ್ತಿನಲ್ಲಿಯೇ ಮಸಿಯೂ ಅಂಟೂ ಹೆಚ್ಚಾಗಿ ಸೇರುವುವು. ಹಳೆಯ ಲಾರಿಗಳಲ್ಲಿ ಮೇಸ್ತ್ರಿಗಳು ಮೈಕೋ ಪಂಪು ಎಂದು ಕರೆಯುವ ಸಾಲು ಪಂಪಿಗೆ ಇಂಜಿನ್ ಆಯಿಲಿನಿಂದ ಜಾರಿಕೆ ದೊರೆಯುವುದುಂಟು, ಅದು ಕೊಂಚ ಗಟ್ಟಿಗ. ಇಂಧನದಿಂದಲೇ ಜಾರಿಕೆ ಪಡೆಯುವ ದುಂಡು ಪಂಪು ಮಂದವಾದ ತಣ್ಣನೆಯ ಎಣ್ಣೆಯನ್ನು ಕಂಡರೆ ಒಳಗಿನ ಶಾಫ್ಟನ್ನೇ ಮುರಿದುಕೊಂಡೀತು.

2020ನೆಯ ಏಪ್ರಿಲ್ 1ರಿಂದ ಮಾರಾಟವಾದ ಬಿ.ಎಸ್. 6 ಲಾರಿಗಳ ವಿಷಯದಲ್ಲಿಯಾದರೋ ಪರೀಕ್ಷೆಯ ಮಾತನ್ನೇ ಎತ್ತಕೂಡದು. ಇವುಗಳ ಇಂಧನ ವ್ಯವಸ್ಥೆಯು ವಾಯುಮಂಡಲದ ಒತ್ತಡದ ಸಾವಿರಾರು ಪಾಲು ಒತ್ತಡದಲ್ಲಿ ಕೆಲಸಮಾಡುವುದು. ನಾಜಲಿನ ರಂಧ್ರಗಳು ಕೂದಲಿನಷ್ಟು ಸಣ್ಣವು. ಹೊಗೆಯ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲವೂ ವಿಷವಾಯುವನ್ನು ಶುದ್ಧಿಮಾಡುವ ಸಾಧನವೂ ಇರುವುವು. ಕರಿದ ಎಣ್ಣೆಯ ಉಪ್ಪು, ಬೂದಿ, ಮಸಿಗಳು ಇವನ್ನೆಲ್ಲ ಕೆಡಿಸುವುವು. 2023ನೆಯ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೂ ಇಂಥವೇ ಬಿಗಿಯಾದ ನಿಯಮಗಳು ಬಂದಿವೆ.

ಎರಡು ಟ್ಯಾಂಕುಗಳನ್ನಿಟ್ಟು, ಡೀಸೆಲಿನಲ್ಲಿ ಯಂತ್ರವನ್ನು ಹಿಡಿಸಿ, ಅದು ಕಾದ ಮೇಲೆ 70-80 ಡಿಗ್ರಿಗೆ ಬಿಸಿಮಾಡಿದ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲಿಗೆ ತಿರುಗಿಸುವ ಕ್ರಮವನ್ನು ಹೊರದೇಶಗಳಲ್ಲಿ ಕೆಲವರು ಅನುಸರಿಸುವರು. ಇದರಿಂದ ಪ್ರಯೋಜನವಿಲ್ಲವೆನ್ನಲಾಗದು. ಆದರೆ ಬಿಸಿಮಾಡಿದರೂ ಎಣ್ಣೆಯು ಡೀಸೆಲಿನಷ್ಟು ತೆಳುವಾಗದು, ಚೇಂಬರಿಗೆ ಇಳಿಯುವುದೂ ನಿಲ್ಲದು. ಚೆಕ್‌ಪೋಸ್ಟಿನಲ್ಲಿ ಕೈ ಅಡ್ಡ ಹಿಡಿದಾಗ ತಟ್ಟನೆ ನಿಲ್ಲಿಸುವ ಚಾಲಕನು ಡೀಸೆಲಿಗೆ ತಿರುಗಿಸುವುದನ್ನು ಒಂದು ಸಲ ಮರೆತರೂ ಪಂಪಿನಲ್ಲಿ ಎಣ್ಣೆ ತಣಿದು ನಿಲ್ಲುವುದು. ಅದಲ್ಲದೆ ನೋಂದಣಿ ಪತ್ರದಲ್ಲಿರುವುದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ಅಡ್ಡಿಯಾಗಿದೆ.

ಪರೀಕ್ಷೆಗಳ ಅನುಭವ

1980ರ ದಶಕದ ಆರಂಭದಲ್ಲಿ, ಕಲ್ಲೆಣ್ಣೆಯ ಬೆಲೆಯು ಏರಿದ್ದ ಕಾಲದಲ್ಲಿ, ದಕ್ಷಿಣ ಆಫ್ರಿಕದ ವ್ಯವಸಾಯ ಯಂತ್ರಶಾಸ್ತ್ರಜ್ಞರು ಟ್ರಾಕ್ಟರುಗಳನ್ನು ಸೂರ್ಯಕಾಂತಿ ಎಣ್ಣೆಯಿಂದ ಓಡಿಸಿ ನೋಡಿದರು. 1,000 ಗಂಟೆಗಳ ತರುವಾಯ ಯಂತ್ರದ ಶಕ್ತಿ ನೂರಕ್ಕೆ 8ರಷ್ಟು ತಗ್ಗಿತ್ತು. ನಾಜಲುಗಳನ್ನೂ ಪಂಪನ್ನೂ ಬದಲಿಸಿದ ಮೇಲೆ ಸರಿಹೋಯಿತು. ಅದೂ ಶುದ್ಧವಾದ ಹೊಸ ಎಣ್ಣೆ, ಬಲ್ಲವರ ಕಣ್ಗಾವಲು. ಅಮೆರಿಕದ ಯಂತ್ರ ತಯಾರಕರ ಸಂಘದವರು ಬದಲಿ ಇಂಧನಗಳನ್ನು ಮೊದಲ ಹಂತದಲ್ಲಿ ಜರಡಿ ಹಿಡಿಯಲು 200 ಗಂಟೆಗಳ ಪರೀಕ್ಷೆಯನ್ನು ಗೊತ್ತುಮಾಡಿದರು. ಹೊಸ ಸಸ್ಯಜನ್ಯ ಎಣ್ಣೆಗಳೇ ಅನೇಕ ಯಂತ್ರಗಳಲ್ಲಿ ಇದನ್ನು ದಾಟಲಾರದೆ ಹೋದುವು. ದಿನಕ್ಕೆ ಎಂಟು ಗಂಟೆ ದುಡಿಯುವ ಲಾರಿಗೆ 200 ಗಂಟೆಗಳೆಂದರೆ ಇಪ್ಪತ್ತೈದು ದಿನ. ಹತ್ತು ದಿನದ ಅನುಭವವನ್ನು ಸಾಕ್ಷಿಯಾಗಿ ತರುವವರು ಈ ಲೆಕ್ಕವನ್ನು ಗಮನಿಸಲಿ.

ನಮ್ಮ ನಾಡಿನಲ್ಲಿಯೂ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸರು 1990ರ ದಶಕದ ಕೊನೆಯ ವರ್ಷಗಳಿಂದ ಸೂತ್ರ ಎಂಬ ಯೋಜನೆಯಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಯಂತ್ರಗಳನ್ನು ಓಡಿಸಿ ಹಳ್ಳಿಗಳಲ್ಲಿ ವಿದ್ಯುತ್ತು ಪಡೆದು ನೀರೆತ್ತುವ ಕಾರ್ಯವನ್ನು ನಡೆಸಿದರು. ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯು ಇದರಿಂದ ಹೆಸರಾಯಿತು. ಇದನ್ನು ಎತ್ತಿ ಹೇಳಿ ಲಾರಿಗೆ ಬಜ್ಜಿ ಎಣ್ಣೆ ಸುರಿಯುವುದು ಸರಿಯಲ್ಲ. ಅಲ್ಲಿದ್ದುದು ಒಂದೇ ಕಡೆ ನಿಂತು ಓಡುವ ಯಂತ್ರ, ಒಂದೇ ಬಗೆಯ ಎಣ್ಣೆ, ಪಕ್ಕದಲ್ಲಿ ಯಂತ್ರಶಾಸ್ತ್ರ ಬಲ್ಲವರು. ತರುವಾಯ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಏರ್ಪಡಿಸಿದರು. ಅಲ್ಲಿ ಎಣ್ಣೆಯನ್ನು ಮಾರ್ಪಡಿಸಿ ಬಯೋಡೀಸೆಲ್ ಮಾಡುವ ಕ್ರಮಕ್ಕೇ ಪ್ರಾಧಾನ್ಯ.

ಬಯೋಡೀಸೆಲ್ ಎಂದರೆ, ಎಣ್ಣೆಯನ್ನು ಮೆಥನಾಲ್ ಎಂಬ ಮದ್ಯಸಾರದೊಡನೆ ಕ್ಷಾರದ ಸಹಾಯದಿಂದ ಸಂಯೋಗಗೊಳಿಸಿ, ಅದರಲ್ಲಿರುವ ಗ್ಲಿಸರಿನನ್ನು ಬೇರ್ಪಡಿಸಿದ ಬಳಿಕ ಉಳಿಯುವ ತೆಳುವಾದ ಇಂಧನ. ಇದರ ಸ್ನಿಗ್ಧತೆಯು 3.5ರಿಂದ 5ರೊಳಗೆ ಇರಬೇಕೆಂದು ಭಾರತೀಯ ಪ್ರಮಾಣ 15607ರಲ್ಲಿ ವಿಧಿಸಿದೆ. ಪ್ರಮಾಣಕ್ಕೆ ಸರಿಯಾದ ಬಯೋಡೀಸೆಲನ್ನು ನೂರಕ್ಕೆ 7ರವರೆಗೆ ಸಾಮಾನ್ಯ ಡೀಸೆಲಿನಲ್ಲಿ ಬೆರೆಸಲು ಒಪ್ಪಿಗೆಯೂ ಇದೆ. ಇದನ್ನು ಹಿತ್ತಲಿನಲ್ಲಿ ಡ್ರಮ್ಮಿಟ್ಟು ಮಾಡಹೊರಡುವುದು ಮಾತ್ರ ಸಾಹಸ. ಮೆಥನಾಲು ಸುಲಭವಾಗಿ ಹೊತ್ತಿಕೊಳ್ಳುವುದು, ಅದರ ಉರಿ ಹಗಲಿನಲ್ಲಿ ಕಾಣದು, ಹೊಟ್ಟೆಗೆ ಹೋದರೆ ಕಣ್ಣು ಕುರುಡಾಗುವುದು ಇಲ್ಲವೆ ಪ್ರಾಣವೇ ಹೋಗುವುದು. ಆಮ್ಲ ಹೆಚ್ಚಾದ ಕರಿದ ಎಣ್ಣೆಯು ಸಾಬೂನಾಗಿ ಕೆಟ್ಟುಹೋಗುವುದೂ ಉಂಟು.

ಲಾಭನಷ್ಟದ ಲೆಕ್ಕ

ಲಾರಿಯೊಂದು ದಿನಕ್ಕೆ 100 ಕಿಲೋಮೀಟರು ಓಡಿ 25 ಲೀಟರು ಡೀಸೆಲ್ ಕುಡಿಯುವುದೆಂದು ಭಾವಿಸೋಣ. ಲೆಕ್ಕದ ಸೌಕರ್ಯಕ್ಕಾಗಿ ಡೀಸೆಲಿಗೆ ಲೀಟರಿಗೆ 90 ರೂಪಾಯಿ, ಕರಿದ ಎಣ್ಣೆಗೆ 50 ರೂಪಾಯಿ ಎಂದಿಟ್ಟುಕೊಂಡರೆ, ಡೀಸೆಲಿನ ಖರ್ಚು 2,250 ರೂಪಾಯಿ. ಎಣ್ಣೆಯಲ್ಲಿ ಕಾವು ಸ್ವಲ್ಪ ಕಡಿಮೆಯಾದುದರಿಂದ 27 ಲೀಟರಾದರೂ ಬೇಕು, ಅದಕ್ಕೆ 1,350 ರೂಪಾಯಿ. ದಿನಕ್ಕೆ 900 ರೂಪಾಯಿ ಉಳಿಯಿತು. ಇಪ್ಪತ್ತೈದು ದಿನಕ್ಕೆ 22,500. ಇದರಲ್ಲಿ ಎರಡರಷ್ಟು ಸಲ ಬದಲಿಸಬೇಕಾದ ಇಂಜಿನ್ ಆಯಿಲು, ಫಿಲ್ಟರುಗಳು, ನಾಜಲು ಬಿಚ್ಚಿದ ಕೂಲಿ ಇವನ್ನು ಕಳೆಯಬೇಕು. ಉಳಿದುದನ್ನು, ಹೆಡ್ ಇಳಿಸಿ ಬೋರ್ ಮಾಡಿಸಿ ಕ್ರ್ಯಾಂಕು ಬೇರಿಂಗುಗಳನ್ನು ಹಾಕಿಸುವ ವೆಚ್ಚದೊಡನೆ ಹೋಲಿಸಿ ನೋಡಲಿ. ಆ ವೆಚ್ಚ ಎಷ್ಟೆಂಬುದನ್ನು ಯಾವ ಗ್ಯಾರೇಜಿನ ಮೇಸ್ತ್ರಿಯೂ ಹೇಳಬಲ್ಲನು. ಲಾರಿ ನಿಂತ ದಿನಗಳಲ್ಲಿ ಬಾಡಿಗೆಯ ಲಾರಿಗೆ ಕೊಟ್ಟ ಹಣ, ಕಣದಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಇವನ್ನು ಮೇಸ್ತ್ರಿಯ ಚೀಟಿಯಲ್ಲಿ ಬರೆಯುವುದಿಲ್ಲ.

ಕರಿದ ಎಣ್ಣೆಯನ್ನು ಹಾಗಾದರೆ ಏನು ಮಾಡುವುದು? ಆಹಾರ ಸುರಕ್ಷತಾ ಪ್ರಾಧಿಕಾರದವರು 2018ರ ಜುಲೈ 1ರಿಂದ, ಎಣ್ಣೆಯಲ್ಲಿ ಕೆಟ್ಟ ಧ್ರುವೀಯ ಅಂಶಗಳು ನೂರಕ್ಕೆ 25ನ್ನು ಮೀರಿದರೆ ಅದನ್ನು ಮತ್ತೆ ಅಡಿಗೆಗೆ ಬಳಸಕೂಡದೆಂದು ವಿಧಿಸಿದ್ದಾರೆ. ಅದೇ ವರ್ಷ ಆಗಸ್ಟಿನಲ್ಲಿ ರುಕೋ ಎಂಬ ಹೆಸರಿನಿಂದ, ಇಂಥ ಎಣ್ಣೆಯನ್ನು ಒಟ್ಟುಗೂಡಿಸಿ ಬಯೋಡೀಸೆಲ್ ಕಾರ್ಖಾನೆಗಳಿಗೆ ಕಳುಹಿಸುವ ಏರ್ಪಾಡು ಪ್ರಾರಂಭವಾಯಿತು. ದಿನಕ್ಕೆ 50 ಲೀಟರಿಗೆ ಮೇಲ್ಪಟ್ಟು ಎಣ್ಣೆ ಬಳಸುವ ಹೋಟೆಲಿನವರು ಇದರ ಲೆಕ್ಕವನ್ನು ಇಟ್ಟು, ಅಧಿಕೃತರಾದ ಸಂಗ್ರಾಹಕರಿಗೇ ಕೊಡತಕ್ಕದ್ದು. ಊರಿನ ಸಂಘದವರು ಛತ್ರ, ಅಂಗಡಿಗಳ ಎಣ್ಣೆಯನ್ನು ಮುಚ್ಚಿದ ಡಬ್ಬಗಳಲ್ಲಿ ಕೂಡಿಟ್ಟು ಇಂಥವರಿಗೆ ಮಾರಿದರೆ ಅಷ್ಟೋ ಇಷ್ಟೋ ಹಣ ಬರುವುದು, ಲಾರಿಯೂ ಉಳಿಯುವುದು. ಈ ಎಣ್ಣೆಯನ್ನು ದನಗಳ ಹಿಂಡಿಯಲ್ಲಿ ಬೆರೆಸುವ ಅಭ್ಯಾಸವೂ ಬೇಡ.

ಈಗಾಗಲೇ ಸುರಿದವರು ಮಾಡಬೇಕಾದುದು

ಕರಿದ ಎಣ್ಣೆಯನ್ನು ಈಗಾಗಲೇ ಬಳಸಿರುವ ಲಾರಿಯ ಒಡೆಯನು ಗಾಬರಿಗೊಳ್ಳಬೇಕಾಗಿಲ್ಲ, ತಡಮಾಡುವಂತೆಯೂ ಇಲ್ಲ. ಮೊದಲು ಯಂತ್ರವನ್ನು ಹಿಡಿಸದೆ ಗೇಜು ಕಡ್ಡಿಯನ್ನು ಹೊರಗೆಳೆದು ನೋಡಬೇಕು. ಮಟ್ಟವು ಹಾಕಿದ್ದಕ್ಕಿಂತ ಮೇಲಿದ್ದರೆ ಎಣ್ಣೆ ಇಳಿದಿದೆಯೆಂದು ತಿಳಿಯತಕ್ಕದ್ದು. ಓರೆಯಾಗಿ ಹಿಡಿದ ಗಾಜಿನ ತುಂಡಿನ ಮೇಲೆ ಹೊಸ ಆಯಿಲಿನ ಒಂದು ಹನಿಯನ್ನೂ ಚೇಂಬರಿನ ಆಯಿಲಿನ ಒಂದು ಹನಿಯನ್ನೂ ಪಕ್ಕಪಕ್ಕದಲ್ಲಿ ಬಿಟ್ಟು, ಎರಡೂ ಹರಿಯುವ ವೇಗವನ್ನು ನೋಡಬೇಕು. ಹಳೆಯ ಹನಿ ತೀರ ಹಿಂದುಳಿದರೆ, ಇಲ್ಲವೆ ನೂಲಿನಂತೆ ಎಳೆ ಬಿಟ್ಟರೆ, ಆ ಯಂತ್ರವನ್ನು ಹಿಡಿಸಲೇಕೂಡದು. ಚೇಂಬರನ್ನು ಕಳಚಿಸಿ, ಅಂಟನ್ನು ಕೆರೆದು, ಆಯಿಲ್ ಪಂಪಿನ ಜಾಲರಿಯನ್ನು ಶುದ್ಧಿಮಾಡಿಸಿದ ಹೊರತು ಹೊಸ ಆಯಿಲು ಹಾಕಿ ಪ್ರಯೋಜನವಿಲ್ಲ.

ಆಯಿಲು ಇನ್ನೂ ತೆಳುವಾಗಿದ್ದರೆ ಟ್ಯಾಂಕಿನಲ್ಲಿರುವುದನ್ನು ಪೂರ್ತಿಯಾಗಿ ಇಳಿಸಿ, ಇಂಧನದ ಫಿಲ್ಟರುಗಳನ್ನು ಬದಲಿಸಿ, ಶುದ್ಧ ಡೀಸೆಲ್ ತುಂಬಬೇಕು. ಅದರಲ್ಲಿ ಅರ್ಧ ಗಂಟೆ ಓಡಿಸಿ ಯಂತ್ರವು ಬಿಸಿಯಾಗಿರುವಾಗಲೇ ಚೇಂಬರಿನ ಆಯಿಲನ್ನೂ ಅದರ ಫಿಲ್ಟರನ್ನೂ ಬದಲಿಸಿ, ಮುಂದಿನ ಬದಲಾವಣೆಯನ್ನು ಗೊತ್ತಾದ ಅವಧಿಯ ಅರ್ಧಕ್ಕೆ ಮಾಡಿಸಬೇಕು. ನಾಜಲುಗಳನ್ನು ಪಂಪಿನ ಅಂಗಡಿಯಲ್ಲಿ ಪರೀಕ್ಷೆಗೆ ಕೊಟ್ಟು, ಧಾರೆ ಮಂಜಿನಂತೆ ಬರುವುದನ್ನು ಒಡೆಯನೇ ನಿಂತು ನೋಡಿ ಹಾಕಿಸಿಕೊಳ್ಳತಕ್ಕದ್ದು. ಟ್ಯಾಂಕಿನಿಂದ ಇಳಿಸಿದ ಮಿಶ್ರಣವನ್ನು ಹೋಟೆಲಿನ ಎಣ್ಣೆಯ ಡಬ್ಬಕ್ಕೆ ಮತ್ತೆ ಸುರಿಯಬಾರದು. ಅದಕ್ಕೆ ಡೀಸೆಲ್ ಸೇರಿದೆಯೆಂದು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಮಕ್ಕಳ ಕೈಗೆಟುಕದಂತೆ ಬೇರೆಯಾಗಿ ಇಡತಕ್ಕದ್ದು.